ನಿಂತುಹೋದ ಪಾದರಕ್ಷೆ, ನಿಲ್ಲಬಾರದ ನಡಿಗೆ



ಮನೆಯಲ್ಲಿ ನಿತ್ಯ ಬಳಸುವ ಕೆಲವು ವಸ್ತುಗಳು ನಮಗೆ ಎಷ್ಟು ಒಗ್ಗಿರುತ್ತವೆಯೆಂದರೆ, ಅವು ಸಿಗದಂತಾದ ದಿನವೇ ಅವುಗಳ ಬೆಲೆ ತಿಳಿಯುವುದು. ಕಳೆದ ವರ್ಷ ನಮ್ಮ ಮನೆಯಲ್ಲಿ ಇಂಥದೊಂದು ಪ್ರಸಂಗ ನಡೆಯಿತು. ವಿಷಯ ಒಂದು ಜೊತೆ ಓಟದ ಶೂ. ಸಣ್ಣ ಸಂಗತಿಯೆಂದು ದಯಮಾಡಿ ನಗಬೇಡಿ. ಅದರಿಂದ ನಮ್ಮ ಯಜಮಾನರ ಕಾಲಿನ ಒಂದು ಬೆರಳಿಗೇ ಸಂಚಕಾರ ಬರುವುದರಲ್ಲಿತ್ತು.

ಬ್ಯಾಂಕಿನ ವರ್ಗಾವಣೆಯಿಂದ ಧಾರವಾಡ ಬಿಟ್ಟು ಕುಂದಾಪುರಕ್ಕೆ ಬಂದವರು ನಾವು. ನಿವೃತ್ತಿಯ ನಂತರ ಇಲ್ಲಿಯೇ ನೆಲೆಸಿದೆವು. ಐದು ವರ್ಷಗಳ ಹಿಂದೆ ಯಜಮಾನರಿಗೆ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. ವೈದ್ಯರು ಔಷಧದೊಡನೆ ವ್ಯಾಯಾಮವನ್ನೂ ವಿಧಿಸಿದರು. ಅಂದಿನಿಂದ ಬೆಳಗಿನ ಜಾವ ಕೋಡಿಯ ಕಡಲತೀರದತ್ತ ಸ್ವಲ್ಪ ದೂರ ನಡಿಗೆ, ಸ್ವಲ್ಪ ದೂರ ನಿಧಾನವಾದ ಓಟ. ಹಿಂದಿರುಗಿ ಸ್ನಾನ, ಪೂಜೆ, ಆಮೇಲೆ ಉಪಾಹಾರ. ಒಂದೇ ಮಾದರಿಯ ಶೂಗಳನ್ನು ಒಂದಾದ ಮೇಲೊಂದರಂತೆ ಸವೆಸಿದರು. ಹಳೆಯದು ಹೋದರೆ ಅದೇ ಹೆಸರು, ಅದೇ ನಂಬರು ಹೇಳಿ ಹೊಸದನ್ನು ತರುತ್ತಿದ್ದರು.

ಒಮ್ಮೆ ಹೀಗೆಯೇ ಕೊಳ್ಳಲು ಹೋದಾಗ ಕುಂದಾಪುರದ ಅಂಗಡಿಯವರು, "ಅದ್ ಈಗ ಬತ್ತಿಲ್ಲ ಕಾಣಿ" ಎಂದುಬಿಟ್ಟರು. ಬೈಂದೂರಿನಲ್ಲಿಯೂ ಅದೇ ಉತ್ತರ. ಬ್ರಹ್ಮಾವರದಲ್ಲಿ ಮಾತ್ರ ಅದೇ ಹೆಸರಿನ ಹೊಸ ಮಾದರಿಯೊಂದು ದೊರೆಯಿತು. ಹೆಸರು ಅದೇ, ನಂಬರೂ ಅದೇ ಎಂದು ಸಂತೋಷದಿಂದ ಕೊಂಡು ತಂದರು.

ನಾಲ್ಕನೆಯ ದಿನ ಬಟ್ಟೆ ಒಗೆಯಲು ಹೋದ ನನಗೆ ಅವರ ಕಾಲುಚೀಲದ ಮೇಲೆ ರಕ್ತದ ಕಲೆ ಕಾಣಿಸಿತು. ನೋಡಿದರೆ ಕಿರುಬೆರಳಿನ ಪಕ್ಕದಲ್ಲಿ ಬೊಬ್ಬೆ ಎದ್ದು ಒಡೆದಿದೆ. "ನೋವಾಗಲಿಲ್ಲವೇ?" ಎಂದು ಕೇಳಿದೆ. "ಏನೂ ಅನ್ನಿಸಲೇ ಇಲ್ಲವಲ್ಲ!" ಎಂದರು. ನನಗೆ ಗಾಬರಿಯಾದದ್ದು ಗಾಯವನ್ನು ಕಂಡಲ್ಲ, ಆ ಮಾತನ್ನು ಕೇಳಿ. ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಮೆಲ್ಲನೆ ಸ್ಪರ್ಶಜ್ಞಾನವನ್ನು ಕಳೆದುಕೊಳ್ಳಬಹುದು. ಗಾಯ ಮಾಯಲೂ ತಡವಾಗುತ್ತದೆ. ಮೂರು ವಾರ ಔಷಧ ಹಚ್ಚಿ, ನಡಿಗೆ ನಿಲ್ಲಿಸಿ ಕೂರಬೇಕಾಯಿತು. ಆ ಮೂರು ವಾರಗಳಲ್ಲಿ ರಕ್ತದ ಸಕ್ಕರೆಯೂ ಏರಿತು.

ದಾರಿ ತೋರಿಸಿದವರು ಪೇಟೆಯ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು. ಹಳೆಯ ಶೂವನ್ನೇ ರಿಪೇರಿ ಮಾಡಬಹುದೇ ಎಂದು ಕೇಳಲು ಹೋಗಿದ್ದೆವು. ಅವರು ಅದನ್ನು ತಿರುಗಿಸಿ ನೋಡಿದರು. ಹಿಮ್ಮಡಿಯ ಹೊರ ಅಂಚು ಸವೆದಿತ್ತು; ಕಿರುಬೆರಳಿರುವ ಕಡೆ ಬಟ್ಟೆ ಉಬ್ಬಿಕೊಂಡಿತ್ತು. "ಇವ್ರ ಕಾಲ್ ಅಗಲ. ಹೆಸ್ರ್ ಹುಡ್ಕುದ್ ಎಂತಕ್ಕೆ? ಮೊದ್ಲ್ ಕಾಲ್ ಕಾಣಿ" ಎಂದರು. ನಾವು ಮೂರು ಊರು ಸುತ್ತಿ ಮಾಡಿದ ತಪ್ಪನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು.

ಅವರ ಮಾತಿನಲ್ಲಿದ್ದ ಸತ್ಯ ಆಮೇಲೆ ಇನ್ನಷ್ಟು ತಿಳಿಯಿತು. ತಯಾರಕರು ಒಂದೆರಡು ವರ್ಷಗಳಿಗೊಮ್ಮೆ ಮಾದರಿಯನ್ನು ಬದಲಿಸುತ್ತಾರೆ. ಹೆಸರು ಹಾಗೆಯೇ ಉಳಿದರೂ ಶೂವಿಗೆ ಆಕಾರ ಕೊಡುವ ಅಚ್ಚು, ಅಟ್ಟೆಯ ದಪ್ಪ, ಬೆರಳುಗಳಿರುವ ಕಡೆಯ ಅಗಲ ಬೇರೆಯಾಗಬಹುದು. ನಮ್ಮಲ್ಲಿ ರೂಢಿಯಲ್ಲಿರುವ ನಂಬರು ಬ್ರಿಟಿಷರ ಕ್ರಮದ್ದು. ಒಂದು ನಂಬರಿಗೂ ಮುಂದಿನ ನಂಬರಿಗೂ ಇಂಚಿನ ಮೂರನೆಯ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ಅಂತರ. ಅದು ಉದ್ದವನ್ನು ಹೇಳುತ್ತದೆಯೇ ಹೊರತು ಅಗಲವನ್ನು ಹೇಳುವುದಿಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಯಿಸಿತು. ಭಾರತೀಯರ ಪಾದ ಸಾಮಾನ್ಯವಾಗಿ ಪಾಶ್ಚಾತ್ಯರದಕ್ಕಿಂತ ಅಗಲವೆಂಬುದು ಅದರಿಂದ ಕಂಡುಬಂದಿತು.

ನಾವು ಮಾಡಿದ ಕ್ರಮವನ್ನು ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಸಂಜೆಯ ಹೊತ್ತು ಪಾದ ಕೊಂಚ ಊದಿಕೊಂಡಿರುತ್ತದೆ, ಆಗಲೇ ಅಳೆಯಬೇಕು. ಗೋಡೆಗೆ ಹಿಮ್ಮಡಿ ತಾಗಿಸಿ, ಕಾಗದದ ಮೇಲೆ ಭಾರ ಬಿಟ್ಟು ನಿಂತು, ಎರಡೂ ಪಾದಗಳ ಸುತ್ತ ಗೆರೆ ಎಳೆಯಬೇಕು. ಎರಡರಲ್ಲಿ ದೊಡ್ಡದೇ ಲೆಕ್ಕಕ್ಕೆ. ಅಂಗಡಿಯಲ್ಲಿ ಶೂವಿನ ಒಳಗಿನ ಮೆತ್ತೆಯನ್ನು ಹೊರತೆಗೆದು ಅದರ ಮೇಲೆ ನಿಲ್ಲಬೇಕು. ಪಾದ ಅಂಚನ್ನು ಮೀರಿದರೆ ಆ ಶೂ ಇಕ್ಕಟ್ಟು. ನಿತ್ಯದ ಕಾಲುಚೀಲ ಹಾಕಿಕೊಂಡೇ ಶೂ ತೊಟ್ಟು ನೋಡಬೇಕು. ಉದ್ದವಾದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಹಿಮ್ಮಡಿಯ ಎತ್ತರ ಹಳೆಯ ಶೂವಿನಷ್ಟೇ ಇದ್ದರೆ ಮೀನಖಂಡಕ್ಕೆ ಆಯಾಸವಾಗದು. ಹಳೆಯ ಶೂವನ್ನೂ ಜೊತೆಯಲ್ಲಿ ಒಯ್ಯಲು ಮರೆಯಬಾರದು.

ಹೀಗೆ ಹುಡುಕಿದಾಗ ಸಿಕ್ಕಿದ್ದು ನಾವು ಹೆಸರೇ ಕೇಳಿರದ ಬೇರೊಂದು ತಯಾರಕರ ಶೂ, ಅರ್ಧ ನಂಬರು ದೊಡ್ಡದು. ಮೊದಲ ಎರಡು ದಿನ ಮನೆಯೊಳಗೆ ಮಾತ್ರ ತೊಟ್ಟರು. ಆಮೇಲೆ ವೈದ್ಯರ ಒಪ್ಪಿಗೆ ಪಡೆದು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ದೂರ ಹೆಚ್ಚಿಸಿದರು.

ಬೆಂಗಳೂರಿನಲ್ಲಿರುವ ಮಗ, "ಅಪ್ಪಾ, ಇದೂ ನಿಂತುಹೋಗುವುದರೊಳಗೆ ನಾಲ್ಕು ಜೊತೆ ತೆಗೆದಿಡೋಣ" ಎಂದ. ನಾನು ಬೇಡವೆಂದೆ. ಕರಾವಳಿಯ ತೇವದ ಹವೆಯಲ್ಲಿ ಅಂಟು ಬಿಡುತ್ತದೆ. ಕೆಲವು ಬಗೆಯ ಅಟ್ಟೆಗಳು, ಅದರಲ್ಲೂ ಪಾಲಿಯುರಿಥೇನ್‌ನವು, ತೊಡದಿದ್ದರೂ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತವೆ. ಅಟ್ಟದಿಂದ ತೆಗೆದ ಹೊಸ ಶೂ ಮೊದಲ ದಿನವೇ ಬಾಯಿ ಬಿಟ್ಟದ್ದನ್ನು ನಿಮ್ಮಲ್ಲಿಯೂ ಹಲವರು ಕಂಡಿರಬಹುದು. ಓಟದ ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆನ್ನುತ್ತಾರೆ. ವಾರಕ್ಕೆ 25 ಕಿಲೋಮೀಟರ್ ಹೋಗುವವರಿಗೆ ಅದು ಐದರಿಂದ ಏಳು ತಿಂಗಳು. ಹಾಗಾಗಿ ಒಂದು ಜೊತೆ ಹೆಚ್ಚಿಗೆ ಇದ್ದರೆ ಸಾಕು. ಮಳೆಗಾಲದಲ್ಲಿ ಒದ್ದೆಯಾದದ್ದನ್ನು ಒಲೆಯ ಬಳಿ ಇಡದೆ, ಒಳಗೆ ವೃತ್ತಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿ, ಮರುದಿನ ಇನ್ನೊಂದನ್ನು ತೊಡಬಹುದು.

ಇಥಿಯೋಪಿಯದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ತನಗೆ ಹೊಂದುವ ಶೂ ದೊರೆಯದೆ ಬರಿಗಾಲಿನಲ್ಲಿಯೇ ಮ್ಯಾರಥಾನ್ ಓಡಿ ಗೆದ್ದನು. ಹೊಂದದ ಶೂಗಿಂತ ಬರಿಗಾಲೇ ಲೇಸೆಂದು ಆತನಿಗೆ ಅನ್ನಿಸಿತು. ಆದರೆ ಸಕ್ಕರೆ ಕಾಯಿಲೆಯವರಿಗೆ ಆ ಮಾರ್ಗವಿಲ್ಲ. ಬರಿಗಾಲಿನ ಓಡಾಟ ಅವರಿಗೆ ಸಲ್ಲದು. ಮಾತ್ರವಲ್ಲ, ಶೂ ತೊಡುವ ಮುನ್ನ ಅದನ್ನು ಕೊಡವಿ, ಒಳಗೆ ಕೈಯಾಡಿಸಿ ನೋಡಬೇಕು. ಪ್ರತಿ ರಾತ್ರಿ ಪಾದ ತೊಳೆದು, ಬೆರಳ ಸಂದುಗಳನ್ನು ಒರೆಸಿ, ಅಂಗಾಲನ್ನು ಪರೀಕ್ಷಿಸಬೇಕು. ತಮಗೆ ಕಾಣದಿದ್ದರೆ ಮನೆಯವರು ನೋಡಬೇಕು. ನಮ್ಮಲ್ಲಿ ಅದೀಗ ನನ್ನ ನಿತ್ಯದ ಕೆಲಸ.

ಕಲ್ಯಾಣದಲ್ಲಿ ಪಾದರಕ್ಷೆ ಮಾಡುವ ಕಾಯಕದಲ್ಲಿದ್ದ ಹರಳಯ್ಯ ಶರಣರನ್ನು ನಾವು ಭಕ್ತಿಯಿಂದ ನೆನೆಯುತ್ತೇವೆ. ಅದೇ ಕಾಯಕದವರು ನಮ್ಮ ಬೀದಿಯ ಬದಿಯಲ್ಲಿ ಕುಳಿತಿದ್ದರೆ ಹರಿದ ಉಂಗುಷ್ಠ ಹೊಲಿಸಲು ಮಾತ್ರ ಅವರ ಬಳಿಗೆ ಹೋಗುತ್ತೇವೆ. ಅವರ ಕಣ್ಣಿಗಿರುವ ತಿಳಿವಳಿಕೆಯನ್ನು ಮೊದಲೇ ಕೇಳಿದ್ದರೆ ನಮ್ಮ ಮನೆಯಲ್ಲಿ ಆ ಗಾಯವೇ ಆಗುತ್ತಿರಲಿಲ್ಲ. ನಿಮ್ಮ ಮನೆಯಲ್ಲಿಯೂ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ, ಇಂದು ರಾತ್ರಿ ಊಟವಾದ ಮೇಲೆ ಅವರ ಪಾದಗಳನ್ನೊಮ್ಮೆ ದೀಪದ ಬೆಳಕಿನಲ್ಲಿ ನೋಡಿ.