ಪ್ರಯೋಗಾಲಯದ ಸಾಕ್ಷ್ಯವಷ್ಟೇ ಸಾಲದು

ಚೀನಾದ ಸಾಂಪ್ರದಾಯಿಕ ವೈದ್ಯಪದ್ಧತಿಯಲ್ಲಿ ‘ಹುವಾಂಗ್‌ಲಿಯಾನ್’ ಎಂಬ ಕಹಿ ಬೇರಿಗೆ ಶತಮಾನಗಳ ಇತಿಹಾಸವಿದೆ. ಅದರಲ್ಲಿರುವ ಬರ್ಬೆರಿನ್ ಎಂಬ ಹಳದಿ ರಾಸಾಯನಿಕ ಇಂದು ಪಿಸಿಒಎಸ್‌ಗೆ ಪರಿಹಾರವೆಂಬ ಹೆಸರಿನಲ್ಲಿ ಗುಳಿಗೆಯಾಗಿ ಮಾರಾಟವಾಗುತ್ತಿದೆ. ಜೀವಕೋಶದ ಮಟ್ಟದಲ್ಲಿ ಅದರ ಪರಿಣಾಮ ಕಂಡುಬಂದಿದೆ ಎಂಬುದು ಅದರ ಪರವಾಗಿ ಕೇಳಿಬರುವ ವಾದ. ಇದು ಸುಳ್ಳಲ್ಲ, ಆದರೆ ಅರ್ಧಸತ್ಯ ಎಂಬುದು ನನ್ನ ಅಭಿಪ್ರಾಯ.

ಸಂತಾನೋತ್ಪತ್ತಿಯ ವಯಸ್ಸಿನ ಸುಮಾರು ಹತ್ತು ಮಹಿಳೆಯರಲ್ಲಿ ಒಬ್ಬರನ್ನು ಕಾಡುವ ಸಮಸ್ಯೆ ಪಿಸಿಒಎಸ್. ಇವರಲ್ಲಿ ಅನೇಕರ ಜೀವಕೋಶಗಳು ಇನ್ಸುಲಿನ್ ನೀಡುವ ಸಂಕೇತಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಆಗ ದೇಹ ಇನ್ನಷ್ಟು ಇನ್ಸುಲಿನ್ ಸ್ರವಿಸುತ್ತದೆ. ಅದರ ಪ್ರಚೋದನೆಯಿಂದ ಅಂಡಾಶಯದಲ್ಲಿ ಪುರುಷ ಹಾರ್ಮೋನು ಹೆಚ್ಚಿ, ಅಂಡಾಣುವಿನ ಬಿಡುಗಡೆ ಏರುಪೇರಾಗುತ್ತದೆ. ಬರ್ಬೆರಿನ್ ಎಎಂಪಿಕೆ ಎಂಬ ಕಿಣ್ವವನ್ನು ಚುರುಕುಗೊಳಿಸಿ, ಜೀವಕೋಶಗಳು ಸಕ್ಕರೆಯನ್ನು ಹೀರಿಕೊಳ್ಳಲು ನೆರವಾಗುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಆದರೆ ನುಂಗಿದ ಬರ್ಬೆರಿನ್‌ನಲ್ಲಿ ರಕ್ತವನ್ನು ಸೇರುವ ಪಾಲು ಅತ್ಯಲ್ಪ. ಗಾಜಿನ ತಟ್ಟೆಯಲ್ಲಿ ನಡೆದದ್ದು ಹೆಣ್ಣಿನ ದೇಹದಲ್ಲೂ ಅಷ್ಟೇ ಸಲೀಸಾಗಿ ನಡೆಯುತ್ತದೆಂದು ನಂಬಲು ಹೇಗೆ ಸಾಧ್ಯ?

ಈ ಪ್ರಶ್ನೆಯನ್ನು ಚೀನಾದ ಸಂಶೋಧಕರೇ ಎತ್ತಿಕೊಂಡರು. ಅಂಡಾಣು ಬಿಡುಗಡೆಯಾಗದೆ ಮಕ್ಕಳಿಲ್ಲದಿದ್ದ 644 ಪಿಸಿಒಎಸ್ ಮಹಿಳೆಯರನ್ನು ಮೂರು ಗುಂಪುಗಳಾಗಿ ವಿಂಗಡಿಸಿ ಅವರು ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಲೆಟ್ರೊಜೋಲ್ ಎಂಬ ಆಧುನಿಕ ಔಷಧ ಪಡೆದವರಲ್ಲಿ ಶೇ 36ರಷ್ಟು ಮಂದಿಗೆ ಮಗುವಾಯಿತು. ಬರ್ಬೆರಿನ್ ಪಡೆದವರಲ್ಲಿ ಶೇ 22ರಷ್ಟು ಮಂದಿಗೆ. ಎರಡನ್ನೂ ಸೇರಿಸಿ ಕೊಟ್ಟಾಗ ಸಿಕ್ಕಿದ್ದು ಶೇ 34. ಅಂದರೆ, ಲೆಟ್ರೊಜೋಲ್ ಜೊತೆ ಬರ್ಬೆರಿನ್ ಸೇರಿಸಿದ್ದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ. ತಮ್ಮ ನಾಡಿನ ಔಷಧವನ್ನು ಒರೆಗೆ ಹಚ್ಚಿ, ಬಂದ ಫಲಿತಾಂಶವನ್ನು ಮುಚ್ಚಿಡದೆ ಜಗತ್ತಿನ ಮುಂದಿಟ್ಟ ಆ ಸಂಶೋಧಕರ ನಡೆ ಮೆಚ್ಚತಕ್ಕದ್ದು.

ಪರಂಪರೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಚೀನಾದ ಹಳೆಯ ವೈದ್ಯಗ್ರಂಥದ ಸುಳಿವು ಹಿಡಿದು ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಕಂಡುಕೊಟ್ಟ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆ ಔಷಧಕ್ಕೆ ಮನ್ನಣೆ ದೊರೆತದ್ದು ಅದು ಪ್ರಾಚೀನವೆಂಬ ಕಾರಣಕ್ಕಲ್ಲ. ರೋಗಿಗಳಲ್ಲಿ ಪರೀಕ್ಷೆಗೆ ಒಳಗಾಗಿ ಗೆದ್ದ ಕಾರಣಕ್ಕೆ.

ಈ ಮಾತು ನಮಗೂ ಅನ್ವಯಿಸುತ್ತದೆ. ನಮ್ಮ ಪಶ್ಚಿಮಘಟ್ಟದ ಮರದರಿಶಿನದಲ್ಲಿರುವುದೂ ಇದೇ ಬರ್ಬೆರಿನ್. ಅತಿಯಾದ ಸಂಗ್ರಹದಿಂದ ಆ ಬಳ್ಳಿ ಈಗಾಗಲೇ ಅಪಾಯದಲ್ಲಿದೆ. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯಕಾರಿಯೂ ಅಲ್ಲ: ಬರ್ಬೆರಿನ್ ಇತರ ಔಷಧಗಳ ಪರಿಣಾಮವನ್ನು ಏರುಪೇರು ಮಾಡಬಲ್ಲದು, ಗರ್ಭಿಣಿಯರು ಅದನ್ನು ಸೇವಿಸಬಾರದು. ಮಗುವಿಗಾಗಿ ಹಂಬಲಿಸುವವರಿಗೇ ಮಾರಾಟವಾಗುವ ಗುಳಿಗೆಯ ವಿಷಯದಲ್ಲಿ ಇದು ಸಣ್ಣ ಮಾತೇ?

‘ಇನ್ನೂ ಮಕ್ಕಳಾಗಲಿಲ್ಲವೇ’ ಎಂಬ ಪ್ರಶ್ನೆಯನ್ನು ದಿನವೂ ಎದುರಿಸುವ ಹೆಣ್ಣುಮಗಳ ಪಾಲಿಗೆ ಹಣಕ್ಕಿಂತ ಕಾಲವೇ ಅಮೂಲ್ಯ. ಯಾವ ಕಿಣ್ವ ಚುರುಕಾಯಿತು ಎಂಬುದಕ್ಕಿಂತ, ಎಷ್ಟು ಮಹಿಳೆಯರಿಗೆ, ಯಾವ ಔಷಧಕ್ಕೆ ಹೋಲಿಸಿದರೆ ಗುಣವಾಯಿತು ಎಂಬ ಉತ್ತರ ಆಕೆಗೆ ಸಿಗಬೇಕು. ಕಷಾಯವಿರಲಿ, ಗುಳಿಗೆಯಿರಲಿ, ಆ ಉತ್ತರ ಕೊಡುವುದು ಮಾರುವವರ ಹೊಣೆ. ಕೊಡುವಂತೆ ಮಾಡುವುದು ಸರ್ಕಾರದ ಹೊಣೆ.