ಸೇತುವೆ ನಿಂತಿದೆ, ದಾರಿ ಇಳಿಯುತ್ತಿದೆ

ಸಂಜೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಹೊಳೆಯ ಸೇತುವೆ ಬಂತೆಂದು ಕಂಡಕ್ಟರ್ ಕೂಗಬೇಕಿಲ್ಲ. ಸೊಂಟವೇ ಹೇಳುತ್ತದೆ. ಪೇಟೆಯ ಅಂಗಡಿಯವರಂತೂ ಮೊಟ್ಟೆ ಟ್ರೇ ತರುವಾಗ ಅಲ್ಲಿ ಗಾಡಿ ಇಳಿದು ನಡೆದೇ ದಾಟುತ್ತಾರೆ. ಸಂಬಂಧಪಟ್ಟವರನ್ನು ಕೇಳಿದರೆ ತಪ್ಪನ್ನು ಮಳೆಯ ತಲೆಗೆ ಕಟ್ಟುತ್ತಾರೆ.

ತಪ್ಪು ಮಳೆಯದಲ್ಲ ಸ್ವಾಮಿ. ಸೇತುವೆಯ ಕಂಬಗಳು ಬಂಡೆಯ ಮೇಲೆ ಕೂತಿವೆ. ಎರಡೂ ಬದಿಯ ಏರುರಸ್ತೆ ಕೂತಿರುವುದು ಗಜನಿ ಗದ್ದೆಯ ಜೇಡಿಯ ಮೇಲೆ. ಭಾರ ಬಿದ್ದ ದಿನವೇ ಜೇಡಿ ಪೂರ್ತಿ ಕುಸಿಯುವುದಿಲ್ಲ. ಮೊದಲು ಒಳಗಿನ ನೀರೇ ಆ ಭಾರ ಹೊರುತ್ತದೆ. ನೀರು ಕಣ್ಣಿಗೆ ಕಾಣದ ಸಂದುಗಳಲ್ಲಿ ಜಿನುಗಿ ಹೊರಬಿದ್ದಷ್ಟೂ ಜೇಡಿ ಒತ್ತಿಕೊಳ್ಳುತ್ತದೆ, ರಸ್ತೆ ಇಳಿಯುತ್ತದೆ. ಟೆರ್ಜಾಗಿ ಎಂಬ ಇಂಜಿನಿಯರ್ ಇದರ ಲೆಕ್ಕವನ್ನು 1925ರಲ್ಲೇ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ.

6 ಮೀಟರ್ ಮೆತ್ತನೆ ಜೇಡಿಯ ಮೇಲೆ 4 ಮೀಟರ್ ಮಣ್ಣು ಏರಿಸಿದರೆ ಚದರ ಮೀಟರಿಗೆ ಸುಮಾರು 8 ಟನ್ ಭಾರ. ಇಂಥ ಜೇಡಿಗೆ ಹೊಂದುವ ಅಂಕಿ ಹಾಕಿ ನೋಡಿದರೆ ಇಳಿತ 90 ಸೆಂಟಿಮೀಟರ್ ದಾಟುತ್ತದೆ, ಅಂದರೆ ಮಗುವಿನೆತ್ತರ! ಜೇಡಿಯ ಮೇಲೂ ಕೆಳಗೂ ಮರಳಿದ್ದರೆ ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಮುಗಿಯಲು 7-8 ವರ್ಷ. ಕೆಳಗೆ ನೀರು ಬಿಡದ ಬಂಡೆಯಿದ್ದರೆ 30 ವರ್ಷ. ನೀರಿನ ದಾರಿ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟಾಗುವುದೇ ಇಲ್ಲಿನ ಕಿತಾಪತಿ. ವರ್ಷವರ್ಷ ಡಾಂಬರು ಸುರಿದು ಮಟ್ಟ ಮಾಡುತ್ತಾರಲ್ಲ, ಆ ಡಾಂಬರಿನ ಭಾರವೂ ಅದೇ ಜೇಡಿಯ ತಲೆಗೆ.

ಲೆಕ್ಕ ತಪ್ಪಬಹುದು, ನಿಜ. 1994ರಲ್ಲಿ ತೆರೆದ ಜಪಾನಿನ ಕನ್ಸಾಯಿ ವಿಮಾನ ನಿಲ್ದಾಣ ಅಂದಾಜಿಗಿಂತ ಹೆಚ್ಚೇ ಇಳಿಯಿತು. ಆದರೆ ಅಲ್ಲಿಯವರು ಇಳಿತವನ್ನು ಅಳೆಯುತ್ತಾರೆ, ಅಳೆದದ್ದನ್ನು ಜನರ ಮುಂದೆ ಇಡುತ್ತಾರೆ.

ಈಗ ಪಕ್ಕದಲ್ಲೇ ಎರಡನೇ ಸೇತುವೆಗೆ ಟಿಪ್ಪರ್ ಗಟ್ಟಲೆ ಮಣ್ಣು ಬೀಳುತ್ತಿದೆ. ಜೇಡಿ ಎಷ್ಟು ಆಳ, ಅದರ ಕೆಳಗೇನಿದೆ, ಬೋರು ಹಾಕಿ ನೋಡಿದ್ದಾರೆಯೇ? ಮೀಟರು, ಒಂದೂವರೆ ಮೀಟರಿಗೊಂದರಂತೆ ನೀರು ಬಸಿಯುವ ಪಟ್ಟಿಗಳನ್ನು ಜೇಡಿಯೊಳಗೆ ಇಳಿಸಿ, ಮೇಲೆ ಹೆಚ್ಚುವರಿ ಮಣ್ಣು ಹೇರಿ ಬಿಟ್ಟರೆ ವರ್ಷಗಳ ಇಳಿತ ತಿಂಗಳುಗಳಲ್ಲಿ ಮುಗಿಯುತ್ತದೆ. ಆಮೇಲೆ ಡಾಂಬರು ಹಾಕಲಿ. ಇದಕ್ಕೆ ಖರ್ಚುಂಟು, ಉದ್ಘಾಟನೆಯ ತಾರೀಖೂ ಮುಂದೆ ಹೋಗುತ್ತದೆ. ಹೋಗಲಿ ಬಿಡಿ. ಮಣ್ಣಿನಡಿ ಇಳಿತ ಅಳೆಯುವ ತಟ್ಟೆಗಳನ್ನು ಈಗಲೇ ಇಡಬೇಕು, ತಿಂಗಳ ಅಳತೆಯನ್ನು ಬಸ್ ನಿಲ್ದಾಣದ ಬೋರ್ಡಿಗೆ ಅಂಟಿಸಬೇಕು. ಅಂಟಿಸಿದರೆ ಈ ಅಂಕಣದಲ್ಲೂ ಅಚ್ಚು ಹಾಕುತ್ತೇವೆ.