ಸ್ಟಿಕ್ಕು ಯಾರ ಕೈಗೆ?

ಪಾಂಡಂಡ ಕುಟ್ಟಪ್ಪನವರು 2020ರಲ್ಲಿ ತೀರಿಕೊಂಡಾಗ ಕೊಡಗಿನವರು ತುಂಬ ಮರುಗಿದೆವು. ಹಾಕಿ ಹಬ್ಬ ಬಂದಾಗಲೆಲ್ಲ ಅವರ ಹೆಸರು ಹೇಳಿ, ಕೈ ಮುಗಿದು ಮುಂದೆ ಹೋಗುತ್ತೇವೆ. ಆ ಕೈ ಮುಗಿಯುವುದರ ಬಗ್ಗೆಯೇ ನನ್ನದೊಂದು ತಕರಾರಿದೆ.

ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿದ್ದ ಅವರು 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯ ಶುರುಮಾಡಿದರು. ಆಗ ಬಂದದ್ದು 60 ಕುಟುಂಬಗಳು. ಊರು ಬಿಟ್ಟು ಚದುರಿದ ಒಕ್ಕದವರು ವರ್ಷಕ್ಕೊಮ್ಮೆಯಾದರೂ ಒಂದೆಡೆ ಸೇರಲಿ ಎಂಬುದು ಅವರ ಆಸೆ. ಪ್ರತಿ ಸಲ ಒಂದೊಂದು ಕುಟುಂಬ ಹೊಣೆ ಹೊರುತ್ತದೆ, ಕಪ್‌ಗೆ ಆ ಮನೆತನದ ಹೆಸರು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದು ಗಿನ್ನೆಸ್ ದಾಖಲೆಯೂ ಆಯಿತು.

ಎಲ್ಲರೂ ಈ ಲೆಕ್ಕವನ್ನೇ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಬೇರೆ. ಇಲ್ಲಿ ತಂಡವೆಂದರೆ ಕುಟುಂಬ. ಅಜ್ಜ, ಮೊಮ್ಮಗ, ಅಣ್ಣ, ತಂಗಿ ಒಂದೇ ತಂಡದಲ್ಲಿ ಆಡಬಹುದು. ಹೆಣ್ಣೆಂದು ಯಾರನ್ನೂ ಹೊರಗಿಡಲಿಲ್ಲ. ಆ ಬಾಗಿಲು ತೆರೆದೇ ಇದೆ. ಒಳಗೆ ಹೋದವರು ಎಷ್ಟು ಮಂದಿ?

ಕೆಲವು ವರ್ಷಗಳ ಹಿಂದೆ ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಚೆಂಡು ಅವಳ ಸ್ಟಿಕ್ಕಿಗೆ ಅಂಟಿಕೊಂಡಂತೆ ಓಡುತ್ತಿತ್ತು. ಜೂನ್‌ನಲ್ಲಿ ಅವಳ ತಾಯಿ ಬಂದು, "ಟೀಚರ್, ಇನ್ನು ಇವಳನ್ನು ಗ್ರೌಂಡಿಗೆ ಕಳಿಸಬೇಡಿ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ" ಎಂದರು. ನಾನು ತಲೆಯಾಡಿಸಿದೆ. ಅದಕ್ಕೂ ಮೊದಲೇ, ಪಾಠ ಮುಗಿಸಬೇಕೆಂದು ಆಟದ ಪೀರಿಯಡ್ ಕೇಳಿ ತೆಗೆದುಕೊಂಡವಳೂ ನಾನೇ. ಮುಂದಿನ ಬೇಸಿಗೆ ಹಾಕಿ ಹಬ್ಬದಲ್ಲಿ ಅವಳನ್ನು ಕಂಡೆ. ಅಣ್ಣ ಆಡುತ್ತಿದ್ದ, ಅವಳು ನೀರಿನ ಬಾಟಲಿ ಹಿಡಿದು ಗೆರೆಯಾಚೆ ನಿಂತಿದ್ದಳು. ನನ್ನನ್ನು ನೋಡಿ ನಕ್ಕಳು. ಆ ನಗೆ ನನಗಿನ್ನೂ ಚುಚ್ಚುತ್ತದೆ.

ಅಣ್ಣನಿಗೂ ಎಸ್ಸೆಸ್ಸೆಲ್ಸಿ ಇರಲಿಲ್ಲವೆ? ಅವನ ಸ್ಟಿಕ್ಕನ್ನು ಯಾರೂ ಅಟ್ಟಕ್ಕೆ ಹಾಕಲಿಲ್ಲ. ಬಿಸಿಲಿಗೆ ಮೈ ಕಪ್ಪಾಗುತ್ತದೆ, ಮೊಣಕಾಲಿಗೆ ಗಾಯವಾದರೆ ನಾಳೆ ಗಂಡಿನವರು ಏನೆಂದಾರು, ಈ ಮಾತುಗಳನ್ನು ಹೇಳುವವರು ಗಂಡಸರೆಂದು ನಾವು ದೂರುತ್ತೇವೆ. ಹೆಚ್ಚಾಗಿ ಹೇಳುವವರು ನಾವೇ, ಅಮ್ಮಂದಿರು ಮತ್ತು ಟೀಚರುಗಳು.

ಅಶ್ವಿನಿ ನಾಚಪ್ಪ, ಅಶ್ವಿನಿ ಪೊನ್ನಪ್ಪ, ಜೋಷ್ನಾ ಚಿನ್ನಪ್ಪ, ಪೂವಮ್ಮ ನಮ್ಮವರೆಂದು ಎದೆಯುಬ್ಬಿಸಿ ಹೇಳುತ್ತೇವೆ. ಆದರೆ ಜೋಷ್ನಾ ಪಳಗಿದ್ದು ಚೆನ್ನೈಯಲ್ಲಿ, ಪೂವಮ್ಮ ಮಂಗಳೂರಿನಲ್ಲಿ. ಗೆದ್ದು ಬಂದವರಿಗೆ ಹಾರ ಹಾಕುವುದು ಸುಲಭ. ಎದುರಿಗಿರುವ ಹುಡುಗಿಗೆ ದಿನಕ್ಕೊಂದು ಗಂಟೆ ಮೈದಾನ ಕೊಡುವುದು ಕಷ್ಟ.

ಆಟ ಕಲಿಸುವವರು ಸ್ಟಿಕ್ಕು ಹಿಡಿಯುವುದನ್ನು ಕಲಿಸುತ್ತಾರೆ. ಕುಟ್ಟಪ್ಪನವರು ಒಂದು ಜಿಲ್ಲೆಗೇ ಒಟ್ಟಿಗೆ ಆಡುವುದನ್ನು ಕಲಿಸಿದರು. ನಾವು ಅರ್ಧ ಪಾಠ ಮಾತ್ರ ಕಲಿತಿದ್ದೇವೆ.

ನಾನೀಗ ಆಟದ ಪೀರಿಯಡ್ ಕೇಳುವುದಿಲ್ಲ. ಪಾಠ ಉಳಿದರೆ ಸಂಜೆ ನಾನೇ ಅರ್ಧ ಗಂಟೆ ಹೆಚ್ಚು ಕೂರುತ್ತೇನೆ. ಮುಂದಿನ ಹಬ್ಬಕ್ಕೆ ನಿಮ್ಮ ಒಕ್ಕದ ತಂಡದ ಪಟ್ಟಿ ಬರೆಯುವಾಗ ನೀವೂ ಪಕ್ಕದಲ್ಲಿ ಕುಳಿತು, "ನಮ್ಮ ಹುಡುಗಿಯ ಹೆಸರೆಲ್ಲಿ?" ಎಂದು ಕೇಳಿ. ನೀರಿನ ಬಾಟಲಿಯನ್ನು ಬೇಕಾದರೆ ಅಣ್ಣ ಹಿಡಿಯಲಿ.